ವರ್ಮ್‌ಹೋಲ್‌ನಲ್ಲಿ ಶತ್ರು ಬಂದರೆ ತಾಳೆಗರಿ ಕಾಪಾಡುತ್ತಾ?

ಪ್ರಶ್ನೆ: ಡೊಂಬಿವಲಿಯಿಂದ ಬರೀತಿದ್ದೀನಿ ಸರ್. ಗಣೇಶೋತ್ಸವಕ್ಕೆ ನಮ್ಮ ಸೊಸೈಟಿಯ ಕನ್ನಡ ಮಕ್ಕಳು ಒಂದು ನಾಟಕ ಮಾಡ್ತಿದ್ದಾರೆ. ಬೇರೆ ಲೋಕದ ದಾಳಿಕೋರರು ಭೂಮಿ ಮೇಲೆ ಬೀಳ್ತಾರೆ. ನಮ್ಮ ಬಾಹ್ಯಾಕಾಶ ತಂಡದವರು ತಾಳೆಗರಿಯಲ್ಲಿದ್ದ ಹಳೇ ವಿದ್ಯೆ ಓದಿ, ವರ್ಮ್‌ಹೋಲ್ ತೆರೆದು ಅವರನ್ನ ಸೋಲಿಸ್ತಾರೆ. ಮಗಳು ಕೇಳ್ತಾಳೆ, ಇದರಲ್ಲಿ ನಿಜ ಎಷ್ಟು ಅಂತ. ನಮ್ಮ ಪೂರ್ವಿಕರಿಗೆ ವರ್ಮ್‌ಹೋಲ್ ಗೊತ್ತಿತ್ತಾ?

ಉತ್ತರ: ಪುಣೆಯಲ್ಲಿ ಕೂತು ಈ ಅಂಕಣ ಬರೆಯುವ ನನಗೆ ಈ ಪ್ರಶ್ನೆ ಹೊಸದಲ್ಲ. ನಾಟಕದ ಜಾಗದಲ್ಲಿ ಒಮ್ಮೆ ಸಿನಿಮಾ ಇರುತ್ತದೆ, ಒಮ್ಮೆ ವಾಟ್ಸಾಪ್ ಫಾರ್ವರ್ಡ್ ಇರುತ್ತದೆ, ಅಷ್ಟೇ. ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ವರ್ಮ್‌ಹೋಲ್ ಅಂದರೆ ಆಕಾಶದ ಎರಡು ದೂರದ ಜಾಗಗಳನ್ನು ಜೋಡಿಸುವ ಸುರಂಗದಂಥ ಅಡ್ಡದಾರಿ. ಅದು ಲೆಕ್ಕದಲ್ಲಿ ಇದೆ, ಆಕಾಶದಲ್ಲಿ ಇನ್ನೂ ಸಿಕ್ಕಿಲ್ಲ. ಪೂರ್ವಿಕರಿಗೆ ಅದು ಗೊತ್ತಿರಲಿಲ್ಲ. ಆದರೂ ತಾಳೆಗರಿಯನ್ನು ನಾಟಕದಿಂದ ತೆಗೆಯಬೇಡಿ. ಅದಕ್ಕೆ ಬೇರೆ ಒಳ್ಳೆ ಕೆಲಸ ಇದೆ.

ಕಥೆಗಾರರು ವರ್ಮ್‌ಹೋಲ್‌ಗೆ ಯಾಕೆ ಜೋತು ಬೀಳುತ್ತಾರೆ? ದೂರದ ಕಾಟ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ. ಅದು 4.24 ಬೆಳಕಿನ ವರ್ಷ ದೂರ ಇದೆ. ವಾಯೇಜರ್ 1 ಬಾಹ್ಯಾಕಾಶ ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಹೋಗಲು 70 ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕು. ದಾಳಿ ಮಾಡುವವರಿಗೂ ಇದೇ ಗೋಳು. ಹಾಗಾಗಿ ಯಾರಾದರೂ ಸೈನ್ಯ ಕಟ್ಟಿಕೊಂಡು ಬರುವುದೇ ಆದರೆ ಅವರಿಗೆ ಅಡ್ಡದಾರಿ ಬೇಕೇ ಬೇಕು.

ಆ ಅಡ್ಡದಾರಿಯ ಲೆಕ್ಕ ಮೊದಲು ಬಂದದ್ದು 1935ರಲ್ಲಿ. ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಸಾಪೇಕ್ಷತೆಯ ಸಮೀಕರಣಗಳಲ್ಲಿ ದೇಶಕಾಲದ ಎರಡು ಭಾಗಗಳನ್ನು ಜೋಡಿಸುವ ಒಂದು ಸೇತುವೆ ಕಂಡರು. ಖುಷಿ ಬಹಳ ಕಾಲ ಉಳಿಯಲಿಲ್ಲ. 1962ರಲ್ಲಿ ರಾಬರ್ಟ್ ಫುಲ್ಲರ್ ಮತ್ತು ಜಾನ್ ವೀಲರ್ ಲೆಕ್ಕ ಹಾಕಿ ನೋಡಿದರೆ, ಆ ಸೇತುವೆಯ ನಡುವಿನ ಕಿರಿದಾದ ಭಾಗ, ಅಂದರೆ ಗಂಟಲು, ಬೆಳಕು ಕೂಡ ದಾಟಲಾಗದಷ್ಟು ಬೇಗ ಮುಚ್ಚಿಕೊಳ್ಳುತ್ತಿತ್ತು. ವರ್ಮ್‌ಹೋಲ್ ಎಂಬ ಹೆಸರನ್ನು ಚಾಲ್ತಿಗೆ ತಂದವರೂ ಈ ವೀಲರ್ ಅವರೇ, 1957ರಲ್ಲಿ.

ಮುಂದಿನ ಹೆಜ್ಜೆಗೆ ಕಾರಣ ಒಂದು ಕಥೆ. ಖಗೋಳ ವಿಜ್ಞಾನಿ ಕಾರ್ಲ್ ಸಾಗನ್ ಕಾದಂಬರಿ ಬರೆಯುತ್ತಿದ್ದರು. ನಾಯಕಿಯನ್ನು ದೂರದ ನಕ್ಷತ್ರಕ್ಕೆ ಕಳಿಸಬೇಕು, ಆದರೆ ಭೌತಶಾಸ್ತ್ರ ಕೆಡಬಾರದು. ಗೆಳೆಯ ಕಿಪ್ ಥಾರ್ನ್ ಅವರನ್ನು ಕೇಳಿದರು. ಥಾರ್ನ್ ತಮ್ಮ ವಿದ್ಯಾರ್ಥಿ ಮೈಕೆಲ್ ಮಾರಿಸ್ ಜೊತೆ ಕೂತು ಪ್ರಶ್ನೆಯನ್ನೇ ತಿರುಗಿಸಿದರು: ಮನುಷ್ಯರು ಆರಾಮಾಗಿ ಹೋಗಿ ಬರುವಂಥ ವರ್ಮ್‌ಹೋಲ್ ಇರಬೇಕಾದರೆ ಏನೇನು ಬೇಕು? ಪಯಣ ಒಂದು ವರ್ಷದೊಳಗೆ ಮುಗಿಯಬೇಕು. ದೇಹದ ಮೇಲೆ ಬೀಳುವ ಎಳೆತ ಭೂಮಿಯ ಗುರುತ್ವಕ್ಕಿಂತ ಜಾಸ್ತಿ ಆಗಬಾರದು. ಈ ಷರತ್ತುಗಳನ್ನೆಲ್ಲ ಇಟ್ಟು ಅವರು 1988ರಲ್ಲಿ ಪ್ರಬಂಧ ಪ್ರಕಟಿಸಿದರು. ದಾರಿ ಇದೆ, ಆದರೆ ಗಂಟಲು ಮುಚ್ಚದಂತೆ ಹಿಡಿದಿಡಲು ಋಣ ಶಕ್ತಿ, ಅಂದರೆ ಸೊನ್ನೆಗಿಂತ ಕಡಿಮೆ ಶಕ್ತಿ, ಬೇಕು ಎಂಬುದು ಅದರ ತೀರ್ಮಾನ.

ಋಣ ಶಕ್ತಿ ಯಾಕೆ ಬೇಕು ಎನ್ನುವುದನ್ನು ತಿಳಿಯಲು ನಮ್ಮದೇ ದೇಶದ ಒಂದು ಸಮೀಕರಣ ಸಾಕು. 1955ರಲ್ಲಿ ಕೋಲ್ಕತ್ತದ ಅಮಲ್ ಕುಮಾರ್ ರಾಯಚೌಧುರಿ ಬರೆದದ್ದು. ಜಗತ್ತಿನ ವಿಜ್ಞಾನಿಗಳೆಲ್ಲ ಇವತ್ತು ಅದನ್ನು ಅವರ ಹೆಸರಲ್ಲೇ ಕರೆಯುತ್ತಾರೆ. ಮಾಮೂಲಿ ದ್ರವ್ಯದ ಗುರುತ್ವ ಬೆಳಕಿನ ಕಿರಣಗಳನ್ನು ಒಂದು ಕಡೆ ಕೂಡಿಸುತ್ತದೆ, ಬಿಡಿಸುವುದಿಲ್ಲ. ಅದು ಆ ಸಮೀಕರಣದ ಸಾರ. ವರ್ಮ್‌ಹೋಲ್‌ನಲ್ಲಿ ಆಗಬೇಕಾದದ್ದು ಉಲ್ಟಾ. ಕಿರಣಗಳು ಕೂಡುತ್ತಾ ಒಳಗೆ ಬಂದು, ಗಂಟಲು ದಾಟಿದ ಮೇಲೆ ಆಚೆ ಕಡೆ ಹರಡಿಕೊಳ್ಳಬೇಕು. ಕಬ್ಬಿಣ, ಕಲ್ಲು, ಅನಿಲ, ಬೆಳಕು, ಯಾವುದರಿಂದಲೂ ಇದು ಆಗದು. ಕಿರಣಗಳನ್ನು ಆಚೆ ತಳ್ಳುವ ಗುರುತ್ವ ಬೇಕು. ಅಂಥದ್ದು ಬರುವುದು ಋಣ ಶಕ್ತಿಯಿಂದ ಮಾತ್ರ.

ಋಣ ಶಕ್ತಿ ಪೂರ್ತಿ ಕಟ್ಟುಕಥೆ ಏನಲ್ಲ. 1948ರಲ್ಲಿ ಹೆಂಡ್ರಿಕ್ ಕ್ಯಾಸಿಮಿರ್ ಹೇಳಿದಂತೆ, ನಿರ್ವಾತದಲ್ಲಿ ಎರಡು ಲೋಹದ ತಟ್ಟೆಗಳನ್ನು ತೀರಾ ಹತ್ತಿರ ಇಟ್ಟರೆ ಅವು ಒಂದನ್ನೊಂದು ಎಳೆಯುತ್ತವೆ. ನಡುವಿನ ಜಾಗದ ಶಕ್ತಿ ಸೊನ್ನೆಗಿಂತ ಕೆಳಗೆ ಇಳಿದಿರುತ್ತದೆ. 1997ರಲ್ಲಿ ಇದನ್ನು ಚೆನ್ನಾಗಿ ಅಳೆದೂ ಆಯಿತು. ಆದರೆ ಪ್ರಮಾಣ ಎಷ್ಟು? ಒಂದು ಮೀಟರ್ ಗಂಟಲಿನ ವರ್ಮ್‌ಹೋಲ್‌ಗೆ ಬೇಕಾದ ಋಣ ದ್ರವ್ಯರಾಶಿ ಹೆಚ್ಚುಕಡಿಮೆ ಇಡೀ ಗುರುಗ್ರಹದಷ್ಟು. ಪ್ರಯೋಗಾಲಯದ ತಟ್ಟೆಗಳ ನಡುವೆ ಸಿಗುವುದು ಲೆಕ್ಕಕ್ಕೇ ಬಾರದಷ್ಟು. 2022ರಲ್ಲಿ ಗೂಗಲ್‌ನ ಕ್ವಾಂಟಮ್ ಚಿಪ್‌ನಲ್ಲಿ ವರ್ಮ್‌ಹೋಲ್ ಮಾಡಿಯೇಬಿಟ್ಟರು ಎಂದು ಸುದ್ದಿ ಓಡಾಡಿತಲ್ಲ, ಅದು 9 ಕ್ಯೂಬಿಟ್‌ಗಳಲ್ಲಿ (ಅಂಥ ಚಿಪ್ಪಿನ ಲೆಕ್ಕದ ಬಿಡಿ ಘಟಕಗಳಲ್ಲಿ) ಹಾಕಿದ ಒಂದು ಅಣಕು ಲೆಕ್ಕ. ಅದರ ಬಗ್ಗೆಯೂ ತಜ್ಞರಲ್ಲಿ ಜಗಳ ಇದೆ. ಅಲ್ಲಿ ಯಾವ ಬಾಗಿಲೂ ತೆರೆದಿರಲಿಲ್ಲ.

ರಂಗದ ಮೇಲೆ ತೋರಿಸುವವರಿಗೆ ಒಂದು ಮಾತು. ಸಿನಿಮಾದಲ್ಲಿ ಸುಳಿಯ ಹಾಗೆ, ಬಾವಿಯ ಹಾಗೆ ತೋರಿಸುತ್ತಾರೆ. ಸುಮ್ನೆ ನೋಡೋಕೆ ಚೆಂದ. ನಿಜವಾದ ವರ್ಮ್‌ಹೋಲ್‌ನ ಬಾಯಿ ಒಂದು ಗೋಳ. ಯಾವ ಕಡೆಯಿಂದ ಬೇಕಾದರೂ ಒಳಗೆ ಹೋಗಬಹುದು. ಹಬ್ಬಕ್ಕೆ ಉಜ್ಜಿಟ್ಟ ಸ್ಟೀಲ್ ಕೊಡದ ಹೊಟ್ಟೆಯಲ್ಲಿ ಅಡುಗೆಮನೆಯೆಲ್ಲ ಬಾಗಿ ಕಾಣುತ್ತದಲ್ಲ, ಆ ಗೋಳದಲ್ಲಿ ಹಾಗೆ ಕಾಣುವುದು ಆಚೆ ತುದಿಯ ಆಕಾಶ.

ಈಗ ಪೂರ್ವಿಕರ ವಿಷಯ. ಇಲ್ಲಿ ಕಥೆ ಬೇರೆ, ವಿಜ್ಞಾನ ಬೇರೆ ಎಂದು ಒಂದು ಗೆರೆ ಎಳೆದುಕೊಂಡರೆ ಇಬ್ಬರಿಗೂ ನೆಮ್ಮದಿ.

ಪುರಾಣಗಳಲ್ಲಿ ವರ್ಮ್‌ಹೋಲ್ ಹುಡುಕುವವರು ಸಾಮಾನ್ಯವಾಗಿ ಕಕುದ್ಮಿ ರಾಜನ ಕಥೆ ಹೇಳುತ್ತಾರೆ. ಮಗಳು ರೇವತಿಗೆ ಗಂಡು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಹಾಡು ನಡೆಯುತ್ತಿರುತ್ತದೆ, ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಚತುರ್ಯುಗಕ್ಕೆ 43,20,000 ವರ್ಷ ಎಂದರೆ ಒಟ್ಟು 11 ಕೋಟಿ 66 ಲಕ್ಷಕ್ಕೂ ಮಿಗಿಲು. ಇವತ್ತು ನಿಮ್ಮ ಮೊಬೈಲಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ, ಅದನ್ನು ಸರಿಪಡಿಸಲೇಬೇಕು. ಕಾಲ ಎಲ್ಲ ಕಡೆ ಒಂದೇ ರೀತಿ ಓಡುವುದಿಲ್ಲ ಎಂಬ ಕಲ್ಪನೆ ಎರಡರಲ್ಲೂ ಇದೆ, ನಿಜ. ಆದರೆ 38 ಎಂಬ ಸಂಖ್ಯೆಯನ್ನು ಪುರಾಣದಿಂದ ಯಾರೂ ತೆಗೆಯಲಾರರು.

ನನ್ನನ್ನು ಕೇಳಿದರೆ ನಿಮ್ಮ ನಾಟಕಕ್ಕೆ ಅದಕ್ಕಿಂತ ಒಳ್ಳೆಯದು ಕಿಷ್ಕಿಂಧಾಕಾಂಡದ ಸ್ವಯಂಪ್ರಭೆಯ ಗುಹೆ. ಸೀತೆಯನ್ನು ಹುಡುಕುತ್ತಾ ವಿಂಧ್ಯದಲ್ಲಿ ಅಲೆದ ಹನುಮಂತ, ಅಂಗದ ಮೊದಲಾದವರಿಗೆ ಬಾಯಾರಿ ಗಂಟಲು ಒಣಗಿದೆ. ಒಂದು ಬಿಲದಿಂದ ಒದ್ದೆ ರೆಕ್ಕೆಯ ಹಕ್ಕಿಗಳು ಹೊರಬರುತ್ತವೆ. ಒಳಗೆ ನೀರಿರಬೇಕು! ಒಬ್ಬರನ್ನೊಬ್ಬರು ಹಿಡಿದುಕೊಂಡು ಕತ್ತಲಲ್ಲಿ ನುಗ್ಗುತ್ತಾರೆ. ಒಳಗೆ ಮಯ ಕಟ್ಟಿದ ಚಿನ್ನದ ವನ, ಒಬ್ಬಳು ತಪಸ್ವಿನಿ, ಹೊಟ್ಟೆ ತುಂಬ ಹಣ್ಣು. ಸುಗ್ರೀವ ಕೊಟ್ಟ ಗಡುವು ಒಳಗಿದ್ದಾಗಲೇ ಮುಗಿದುಹೋಗುತ್ತದೆ. ಬಂದ ದಾರಿಯಲ್ಲಿ ವಾಪಸ್ ಹೋಗುವಂತಿಲ್ಲ. ಸ್ವಯಂಪ್ರಭೆ ಕಣ್ಣು ಮುಚ್ಚಿಕೊಳ್ಳಿ ಎನ್ನುತ್ತಾಳೆ. ಕಣ್ಣು ತೆರೆದರೆ ಹೊರಗೆ ನಿಂತಿದ್ದಾರೆ, ಎದುರಿಗೆ ಸಮುದ್ರ. ಬೇರೆ ಥರದ ಕಾಲ, ಒಮ್ಮುಖ ಬಾಗಿಲು, ರೆಪ್ಪೆ ಬಡಿಯುವಷ್ಟರಲ್ಲಿ ಸ್ಥಳ ಬದಲು. ಕಥೆಗಾರನಿಗೆ ಇನ್ನೇನು ಬೇಕು? ಎರಡು ಯಕ್ಷಗಾನ ವೇಷ ಕಟ್ಟಿಸಿದರೆ ಡೊಂಬಿವಲಿಯ ನಮ್ಮ ಜನ ಕುರ್ಚಿ ಬಿಟ್ಟು ಏಳುವುದಿಲ್ಲ. ಆದರೆ ಇದು ಕವಿಯ ಗುಹೆ. ಗಂಟಲು ಎಷ್ಟು ಅಗಲ, ಏನು ಖರ್ಚು, ಯಾಕೆ ಕುಸಿಯಲಿಲ್ಲ ಎಂದು ವಾಲ್ಮೀಕಿಯನ್ನು ಕೇಳುವುದು ಅವನಿಗೆ ಮಾಡುವ ಅನ್ಯಾಯ.

ಗೆರೆ ಅಳಿಸಿದರೆ ಏನಾಗುತ್ತದೆ ಎನ್ನುವುದನ್ನು ಮುಂಬೈ ಕಣ್ಣಾರೆ ನೋಡಿದೆ. 2015ರ ಜನವರಿಯಲ್ಲಿ ಮುಂಬೈ ವಿಶ್ವವಿದ್ಯಾಲಯದಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ ನಡೆಯಿತು. ವೇದಕಾಲದ ವಿಮಾನಗಳು ಗ್ರಹದಿಂದ ಗ್ರಹಕ್ಕೆ ಹಾರುತ್ತಿದ್ದವು ಎಂಬ ಪ್ರಬಂಧವನ್ನೂ ಅಲ್ಲಿ ಓದಿದರು. ಅದಕ್ಕೆ ಆಧಾರವಾಗಿದ್ದ ವೈಮಾನಿಕ ಶಾಸ್ತ್ರದ ಹುಟ್ಟೂರು ನಮ್ಮ ಆನೇಕಲ್. ಅಲ್ಲಿನ ಸುಬ್ಬರಾಯ ಶಾಸ್ತ್ರಿಗಳು 20ನೇ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ ಪುಸ್ತಕ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಎಂಜಿನಿಯರಿಂಗ್ ವಿದ್ವಾಂಸರು 1974ರಲ್ಲೇ ಅದನ್ನು ಭಾಷೆ, ಚಿತ್ರ, ಲೆಕ್ಕ ಎಲ್ಲ ಕಡೆಯಿಂದ ಪರಿಶೀಲಿಸಿದ್ದರು. ಪುಸ್ತಕ ಪ್ರಾಚೀನ ಅಲ್ಲ, ಅದರಲ್ಲಿರುವ ವಿಮಾನಗಳು ಹಾರುವಂಥವೂ ಅಲ್ಲ ಎಂಬುದು ಅವರ ತೀರ್ಪು. ದಾಳಿಕೋರರು ತಲೆ ಮೇಲೆ ಬಂದಾಗ ನಿಮ್ಮ ತಂಡ ಆ ಪುಸ್ತಕ ಬಿಚ್ಚಿದರೆ ಕಥೆ ಅಲ್ಲಿಗೇ ಮುಗಿಯಿತು.

ಹಾಗಾದರೆ ತಾಳೆಗರಿಯಲ್ಲಿ ಏನಿರಲಿ? ಗಣಿತ ಇರಲಿ. ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಅಯುಕಾದ ಅಂಗಳದಲ್ಲಿ ನಾಲ್ಕು ಪ್ರತಿಮೆಗಳಿವೆ: ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್. ಸ್ಥಾಪಕ ನಿರ್ದೇಶಕ ಜಯಂತ ನಾರಳೀಕರ್ ಮರಾಠಿಯಲ್ಲಿ ವಿಜ್ಞಾನ ಕಥೆಗಳನ್ನೂ ಬರೆದವರು. ಆರ್ಯಭಟನಿಗೆ ಅಲ್ಲಿ ಜಾಗ ಸಿಕ್ಕಿದ್ದು ಲೆಕ್ಕ ಹಾಕಿದ್ದಕ್ಕೆ. ಅವನ ಲೆಕ್ಕವನ್ನು ಇವತ್ತೂ ಯಾರು ಬೇಕಾದರೂ ತಾಳೆ ನೋಡಬಹುದು.

ನಿಮ್ಮ ಮಕ್ಕಳಿಗೆ ಭಾಸ್ಕರಾಚಾರ್ಯನ ಒಂದು ಲೆಕ್ಕ ಕೊಡುತ್ತೇನೆ. (ಅವನು ವಿಜಯಪುರದವನೋ ಮಹಾರಾಷ್ಟ್ರದವನೋ ಎಂದು ನಮಗೂ ಮರಾಠಿ ಗೆಳೆಯರಿಗೂ ಚಹಾ ಆರುವವರೆಗೆ ವಾದ ನಡೆಯುತ್ತದೆ. ಅದನ್ನು ಇಲ್ಲಿ ಬಿಡೋಣ.) ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಸೇರಿಸಿದರೆ ಮತ್ತೊಂದು ಪೂರ್ಣ ವರ್ಗವೇ ಬರಬೇಕು. ಯಾವ ಸಂಖ್ಯೆ? ಒಂದೊಂದೇ ಇಟ್ಟು ನೋಡುತ್ತಾ ಹೋದರೆ ಜೀವಮಾನ ಸಾಲದು. ಅತಿ ಚಿಕ್ಕ ಉತ್ತರವೇ 22,61,53,980. ಭಾಸ್ಕರ 1150ರಲ್ಲಿ ಚಕ್ರವಾಲ ಎಂಬ ವಿಧಾನದಿಂದ ಇದನ್ನು ಬಿಡಿಸಿದ್ದಾನೆ. ಮೊದಲು 8ರ ವರ್ಗ 64, ಅದು 61ಕ್ಕಿಂತ 3 ಜಾಸ್ತಿ. ಅಲ್ಲಿಂದ ಒಂದು ಸುತ್ತು ಹಾಕಿದರೆ 39 ಮತ್ತು 5 ಸಿಗುತ್ತವೆ: 39ರ ವರ್ಗ 1521, 5ರ ವರ್ಗದ 61 ಪಟ್ಟು 1525, ವ್ಯತ್ಯಾಸ ಬರೀ 4. ವ್ಯತ್ಯಾಸ 4ಕ್ಕೆ ಇಳಿದರೆ ಮುಂದಿನ ದಾರಿಯನ್ನು ಬ್ರಹ್ಮಗುಪ್ತ 628ರಲ್ಲೇ ತೋರಿಸಿಕೊಟ್ಟಿದ್ದ. ಒಂದು ಹಾಳೆಯಲ್ಲಿ ಮುಗಿಯುತ್ತದೆ. ಯುರೋಪಿನ ಗಣಿತಜ್ಞರಿಗೆ ಫ್ರಾನ್ಸಿನ ಫರ್ಮಾ ಇದೇ 61ರ ಸವಾಲು ಹಾಕಿದ್ದು 1657ರಲ್ಲಿ, 500 ವರ್ಷ ಕಳೆದ ಮೇಲೆ. ನಾಟಕದಲ್ಲಿ ಕಂಪ್ಯೂಟರ್ ಸತ್ತುಹೋಗಲಿ, ಬಾಗಿಲ ಬೀಗಕ್ಕೆ ಈ ಸಂಖ್ಯೆ ಇರಲಿ, ಒಬ್ಬಳು ಹುಡುಗಿ ಪೆನ್ಸಿಲ್ ಹಿಡಿದು ಬಿಡಿಸಲಿ. ಮಂತ್ರಕ್ಕಿಂತ ಇದು ಮೇಲು ಅಲ್ವಾ?

ಇನ್ನು ಯುದ್ಧ. ಕಥೆಗಳಲ್ಲಿ ವರ್ಮ್‌ಹೋಲ್ ಒಂದು ಅಸ್ತ್ರ. ನನಗೆ ಅದು ಇಕ್ಕಟ್ಟಿನ ಘಾಟಿ. ಇಲ್ಲೇ ಹತ್ತಿರದ ಇತಿಹಾಸ ನೋಡಿ. ಮೊಘಲ್ ಸೇನಾಪತಿ ಶಾಯಿಸ್ತಾ ಖಾನ್ ಪುಣೆಯಲ್ಲಿ ಬೀಡುಬಿಟ್ಟಿದ್ದಾಗ ಕೊಂಕಣದ ಕಡೆಗೆ ಕಾರ್ತಲಬ್ ಖಾನನನ್ನು ಕಳಿಸಿದ. 1661ರ ಫೆಬ್ರವರಿಯಲ್ಲಿ ಆ ದೊಡ್ಡ ಸೈನ್ಯ ಇವತ್ತಿನ ಖೋಪೋಲಿ ಸಮೀಪದ ಉಂಬರಖಿಂಡ್ ಎಂಬ ಕಾಡಿನ ಕಿರುದಾರಿಯಲ್ಲಿ ಸಾಲಾಗಿ ಇಳಿಯಬೇಕಾಯಿತು. ಶಿವಾಜಿಯ ಜನ ಮುಂದೆಯೂ ಹಿಂದೆಯೂ ದಾರಿ ಕಟ್ಟಿದರು. ಸಂಖ್ಯೆ ಎಷ್ಟಿದ್ದರೂ ಆ ಇಕ್ಕಟ್ಟಿನಲ್ಲಿ ಕೆಲಸಕ್ಕೆ ಬರಲಿಲ್ಲ, ಖಾನ್ ಶರಣಾಗಿ ಹಿಂದಿರುಗಿದ. ಸಣ್ಣ ಬಾಯಿಯಿಂದ ಒಬ್ಬೊಬ್ಬರಾಗಿ ಬರುವ ದಾಳಿಕೋರರ ಪಾಡೂ ಅದೇ.

ಭೌತಶಾಸ್ತ್ರ ನಿಮ್ಮ ತಂಡಕ್ಕೆ ಇನ್ನೂ ಎರಡು ಉಪಾಯ ಕೊಡುತ್ತದೆ. ಒಂದು, ತೂಕದ ಲೆಕ್ಕ. ಒಳಹೋದ ವಸ್ತುವಿನ ದ್ರವ್ಯರಾಶಿ ಒಳಹೋದ ಬಾಯಿಗೆ ಸೇರುತ್ತದೆ, ಹೊರಬಂದ ಬಾಯಿಯಿಂದ ಅಷ್ಟೇ ಕಳೆಯುತ್ತದೆ. ಅಂದರೆ ಶತ್ರು ಒಂದೇ ಕಡೆಗೆ ಹಡಗು ಕಳಿಸುತ್ತಲೇ ಇದ್ದರೆ ಅವನ ಕಡೆಯ ಬಾಯಿ ಭಾರವಾಗುತ್ತಾ, ನಮ್ಮ ಕಡೆಯದು ಹಗುರಾಗುತ್ತಾ ಹೋಗುತ್ತದೆ. ವ್ಯವಹಾರ ಸಮ ಮಾಡಿಕೊಳ್ಳಲು ಅವನು ಏನಾದರೂ ವಾಪಸ್ ತರಿಸಿಕೊಳ್ಳಲೇಬೇಕು. ನಮ್ಮವರು ಒಂದು ಕಲ್ಲನ್ನೂ ಆ ಕಡೆ ಹೋಗಲು ಬಿಡದಿದ್ದರೆ?

ಎರಡನೆಯದು ಇನ್ನೂ ಸೊಗಸು. ಒಂದು ಬಾಯಿಯನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ವಾಪಸ್ ತಂದರೆ ಎರಡು ಬಾಯಿಗಳ ಗಡಿಯಾರದಲ್ಲಿ ವ್ಯತ್ಯಾಸ ಬೀಳುತ್ತದೆ. ಆಮೇಲೆ ಅವನ್ನು ಹತ್ತಿರ ತರುತ್ತಾ ಹೋದರೆ ಒಂದು ಹಂತದಲ್ಲಿ ನಿನ್ನೆಗೆ ಹೋಗುವ ದಾರಿ ತೆರೆಯಬೇಕು. ಪ್ರಕೃತಿ ಇದಕ್ಕೆ ಒಪ್ಪುವುದಿಲ್ಲ, ಆ ಗಳಿಗೆಯಲ್ಲಿ ನಿರ್ವಾತದಲ್ಲೂ ಇರುವ ಶಕ್ತಿಯ ಸಣ್ಣ ಅಲುಗಾಟವೇ ಬೆಳೆದು ದಾರಿಯನ್ನು ಹಾಳು ಮಾಡುತ್ತದೆ ಎಂದು ಸ್ಟೀಫನ್ ಹಾಕಿಂಗ್ 1992ರಲ್ಲಿ ಊಹಿಸಿದರು. ಇದು ಊಹೆ, ಸಾಬೀತಾಗಿಲ್ಲ. ನಾಟಕಕ್ಕೆ ಅಷ್ಟು ಸಾಕು. ಗುಂಡು ಬೇಡ, ಬ್ರಹ್ಮಾಸ್ತ್ರ ಬೇಡ. ಬಾಯಿಯನ್ನು ಸರಿಯಾದ ದೂರಕ್ಕೆ ಎಳೆದು ತಂದರೆ ಬಾಗಿಲು ತಾನೇ ಕುಸಿಯುತ್ತದೆ.

ಎಲ್ಲಾದರೂ ನಿಜವಾಗಿ ಒಂದು ವರ್ಮ್‌ಹೋಲ್ ಇದ್ದರೆ ನಮಗೆ ಗೊತ್ತಾಗುವುದು ಹೇಗೆ ಎಂದು ನಿಮ್ಮ ಮಗಳು ಮುಂದೆ ಕೇಳಿಯೇ ಕೇಳುತ್ತಾಳೆ. ಅದಕ್ಕೆ ಒಬ್ಬ ಕನ್ನಡಿಗರ ಹೆಸರು ಹೇಳಿ. ಬೆಂಗಳೂರಿನ ಸಿ. ವಿ. ವಿಶ್ವೇಶ್ವರ 1970ರಲ್ಲಿ ತೋರಿಸಿದಂತೆ, ಕಲಕಿದ ಕಪ್ಪುಕುಳಿ ಬಡಿದ ಗಂಟೆಯ ಥರ ಕಂಪಿಸಿ ಬೇಗ ತಣ್ಣಗಾಗುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲಿಗೋ ಉಪಕರಣಗಳು ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದ ಗುರುತ್ವದ ಅಲೆ ಹಿಡಿದಾಗ ಕೊನೆಯಲ್ಲಿ ಅಂಥ ಕಂಪನವೇ ಕಂಡಿತು. ಆ ಕೆಲಸಕ್ಕೆ 2017ರ ನೊಬೆಲ್ ಪಡೆದ ಮೂವರಲ್ಲಿ ಇದೇ ಕಿಪ್ ಥಾರ್ನ್ ಒಬ್ಬರು. ಡಿಕ್ಕಿಯಾದ ಮೇಲೆ ಉಳಿದದ್ದು ಕಪ್ಪುಕುಳಿ ಆಗಿರದೆ ವರ್ಮ್‌ಹೋಲ್ ಆಗಿದ್ದರೆ, ಕಂಪನ ಸತ್ತ ಮೇಲೂ ಅದರ ಮರುದನಿಗಳು ಬರಬೇಕು ಎಂದು 2016ರಿಂದ ಕೆಲವರು ವಾದಿಸುತ್ತಿದ್ದಾರೆ. ಖಚಿತವಾದ ಮರುದನಿ ಇನ್ನೂ ಸಿಕ್ಕಿಲ್ಲ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ 4 ಕಿಲೋಮೀಟರ್ ಉದ್ದದ ಎರಡು ತೋಳುಗಳ ಲಿಗೋ-ಇಂಡಿಯಾಗೆ ಕೇಂದ್ರ ಸಂಪುಟ 2023ರಲ್ಲಿ ಒಪ್ಪಿಗೆ ಕೊಟ್ಟಿದೆ, ಅಯುಕಾ ಅದರಲ್ಲಿ ಪಾಲುದಾರ. ಮಗಳಿಗೆ ಈಗ ಹತ್ತು ಹನ್ನೆರಡು ವಯಸ್ಸಾಗಿದ್ದರೆ, ಅಲ್ಲಿ ಕೆಲಸಕ್ಕೆ ಸೇರುವ ಹೊತ್ತಿಗೆ ಹುಡುಕಾಟ ಇನ್ನೂ ನಡೆಯುತ್ತಲೇ ಇರುತ್ತದೆ.