ಹತ್ತಕ್ಕೆ ಹತ್ತೂ ಟ್ಯಾಂಕ್ ಹಾಕಿದರೆ ಯಾಕೆ ಸೋಲುತ್ತೇವೆ?

"ಮಾಮಾ, ಹತ್ತಕ್ಕ ಹತ್ತೂ ಟ್ಯಾಂಕ್ ಹಾಕೀನಿ. ಆದ್ರೂ ಯಾಕ ಹಿಂದಕ್ಕ ಓಡಾಕತ್ತಾರ?"

ದಸರಾ ರಜೆಗೆ ಗಂಗಾವತಿಯಿಂದ ರಾಯಚೂರಿಗೆ ಬಂದಿದ್ದ ಅಕ್ಕನ ಮಗ ಕೇಳಿದ ಪ್ರಶ್ನೆ ಇದು. ಅವನು ಆಡುತ್ತಿದ್ದದ್ದು ಹಾರ್ಟ್ಸ್ ಆಫ್ ಐರನ್ 4 ಎಂಬ ಎರಡನೇ ಮಹಾಯುದ್ಧದ ಕಂಪ್ಯೂಟರ್ ಆಟ. ಆಟ 1936ರಲ್ಲಿ ಶುರುವಾಗುತ್ತದೆ. ಒಂದು ದೇಶ ಆರಿಸಿಕೊಂಡು ಅದರ ಕಾರ್ಖಾನೆ, ಸೈನ್ಯ, ವ್ಯಾಪಾರ ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕು. ಅವನು ಪೋಲೆಂಡ್ ಹಿಡಿದಿದ್ದ. ಇರುವ ಕೆಲವೇ ಕಾರ್ಖಾನೆಗಳಲ್ಲಿ ಮೂರು ವರ್ಷ ಟ್ಯಾಂಕ್ ಮಾಡಿಸಿ, ಎಲ್ಲವನ್ನೂ ಗಡಿಯಲ್ಲಿ ನಿಲ್ಲಿಸಿದ್ದ. ಯುದ್ಧ ಶುರುವಾದ ಸ್ವಲ್ಪ ಹೊತ್ತಿಗೇ ಅವನ ಡಿವಿಷನ್‌ಗಳು, ಅಂದರೆ ಹಲವು ಬೆಟಾಲಿಯನ್ (ಸಣ್ಣ ತುಕಡಿ) ಸೇರಿಸಿ ಕಟ್ಟಿದ ದೊಡ್ಡ ಪಡೆಗಳು, ಹಿಂದೆ ಸರಿದವು. ಹೋಗಿ ಲೆಕ್ಕ ನೋಡಿದರೆ ಟ್ಯಾಂಕ್‌ಗಳು ಹೆಚ್ಚು ಕಡಿಮೆ ಹಾಗೇ ಇದ್ದವು! ಅವನಿಗೆ ಅರ್ಥವಾಗದಿದ್ದದ್ದು ಇದೇ.

ಇಂಥ ಆಟಗಳಲ್ಲಿ ಯಾವ ಪಡೆಗೆ ಎಷ್ಟು ಶಕ್ತಿ, ಎಷ್ಟು ಬೆಲೆ ಇರಬೇಕು ಎಂದು ಸರಿತೂಗಿಸುವುದೇ ನನ್ನ ಕೆಲಸ. ಹೊಸಬರು ಸೈನ್ಯ ಕಟ್ಟುವಾಗ ನೋಡುವುದು ಒಂದೇ ಅಂಕಿ: ಎಷ್ಟು ಜೋರಾಗಿ ಹೊಡೆಯುತ್ತದೆ? ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ. ಆಟದಲ್ಲಿ ಅದಕ್ಕೆ ಆರ್ಗನೈಸೇಶನ್ ಎನ್ನುತ್ತಾರೆ. ನಾನು ಹುಡುಗರಿಗೆ ಅದನ್ನು 'ದಮ್ಮು' ಎಂದೇ ಹೇಳಿಕೊಡುವುದು. ಡಿವಿಷನ್ ಕಾದಾಟದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಇದರ ಮೇಲೆ ನಿಂತಿದೆ. ದಮ್ಮು ಮುಗಿದರೆ ಜನ, ಸಾಮಾನು ಎಲ್ಲ ಇದ್ದರೂ ಹಿಂದೆ ಸರಿಯಲೇಬೇಕು.

ಈಗ ಲೆಕ್ಕ ನೋಡಿ. ನಾನು ಆಡಿರುವ ಆವೃತ್ತಿಗಳಲ್ಲಿ ಕಾಲಾಳು ಬೆಟಾಲಿಯನ್‌ನ ಆರಂಭದ ದಮ್ಮು 60. ಟ್ಯಾಂಕ್ ಬೆಟಾಲಿಯನ್‌ನದು ಬರೀ 10. ಡಿವಿಷನ್‌ಗೆ ಸಿಗುವುದು ಇವುಗಳ ಸರಾಸರಿ. ಹತ್ತೂ ಟ್ಯಾಂಕ್ ಹಾಕಿದರೆ ಸರಾಸರಿ ಹತ್ತೇ. ಆರು ಟ್ಯಾಂಕ್ ಇಟ್ಟು, ಲಾರಿಯಲ್ಲಿ ಓಡಾಡುವ ನಾಲ್ಕು ಕಾಲಾಳು ಬೆಟಾಲಿಯನ್ ಸೇರಿಸಿದರೆ ಅದು 30ಕ್ಕೆ ಏರುತ್ತದೆ. ನಾಲ್ಕು ಟ್ಯಾಂಕ್ ಬೆಟಾಲಿಯನ್ ತೆಗೆದಿದ್ದಕ್ಕೆ ಮೂರು ಪಟ್ಟು ದಮ್ಮು ಬಂತು. ಟ್ಯಾಂಕ್ ಬಾಗಿಲು ಒಡೆಯುತ್ತದೆ. ಒಳಗೆ ಹೋಗಿ ನಿಲ್ಲುವವರು ಬೇರೆಯವರೇ ಬೇಕು, ಅಲ್ವಾ?

ಫಿರಂಗಿಯ ಕಥೆ ಇನ್ನೂ ಕಠಿಣ. ಅದರ ದಮ್ಮು ಸೊನ್ನೆ. ಕಾಲಾಳುಗಿಂತ ಹಲವು ಪಟ್ಟು ಜೋರಾಗಿ ಹೊಡೆಯುತ್ತದೆ ನಿಜ, ಆದರೆ ನೆಲ ಹಿಡಿದು ನಿಲ್ಲುವುದಿಲ್ಲ. ಜಾಗವನ್ನೂ ಜಾಸ್ತಿ ತಿನ್ನುತ್ತದೆ. ರಣರಂಗದಲ್ಲಿ ಕಾಲಾಳು ಬೆಟಾಲಿಯನ್‌ಗೆ 2 ಅಗಲ ಬೇಕಾದರೆ ಇದಕ್ಕೆ 3. ಒಂಬತ್ತೂ ಕಾಲಾಳು ಇದ್ದರೆ ದಮ್ಮು 60. ಏಳು ಕಾಲಾಳು, ಎರಡು ಫಿರಂಗಿ ಆದರೆ ಸುಮಾರು 47. ಐದು, ನಾಲ್ಕು ಮಾಡಿದರೆ 33. ಸಣ್ಣ ದೇಶಕ್ಕೆ ನಾನು ಏಳು, ಎರಡರ ಲೆಕ್ಕವನ್ನೇ ಹೇಳುವುದು. ಬರೀ ಗಡಿ ಕಾಯುವ ಡಿವಿಷನ್ ಆದರೆ ಸಾಲಿನಲ್ಲಿ ಫಿರಂಗಿ ಬೇಡವೇ ಬೇಡ.

ಅವತ್ತು ಸಂಜೆ ಹುಡುಗನನ್ನು ಕರೆದುಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಕೋಟೆ ಗುಡ್ಡ ಹತ್ತಿದೆ. ಪರದೆಯಲ್ಲಿ ನೋಡಿದ್ದನ್ನು ನೆಲದ ಮೇಲೆ ತೋರಿಸೋಣ ಎಂಬ ಆಸೆ. ಇದೇ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧವಾಯಿತು. ಅದರ ವಿವರವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಆದಿಲ್ ಶಾಹನಿಗೆ ತನ್ನ ತೋಪುಗಳ ಮೇಲೆ ಬಹಳ ನಂಬಿಕೆ. ಎಲ್ಲ ತೋಪುಗಳೂ ಒಟ್ಟಿಗೆ ಹಾರಿದವು. ವಿಜಯನಗರದ ಮುಂದಿನ ಸಾಲು ಒಡೆದುಹೋಯಿತು. ಆದರೆ ಆ ಕಾಲದ ತೋಪಿಗೆ ಮತ್ತೆ ಮದ್ದು ತುಂಬಲು ಹೊತ್ತು ಹಿಡಿಯುತ್ತಿತ್ತು. ರಾಯನ ಹಿಂದಿನ ಸಾಲು ಇನ್ನೂ ಗಟ್ಟಿಯಾಗಿತ್ತು. ಅವನೇ ಮುಂದೆ ನಿಂತು ಅದನ್ನು ನುಗ್ಗಿಸಿದ. ಆದಿಲ್ ಶಾಹನ ಸೈನ್ಯ ಕೃಷ್ಣೆಯ ಕಡೆಗೆ ಓಡಿತು. ಹೊಡೆತ ಒಬ್ಬರದು ದೊಡ್ಡದಿತ್ತು, ದಮ್ಮು ಇನ್ನೊಬ್ಬರ ಹತ್ತಿರ ಉಳಿದಿತ್ತು.

"ಅಂದ್ರ ತೋಪು ಬ್ಯಾಡಂತೀಯೇನು?" ಎಂದ ಹುಡುಗ. ಬೇಡ ಅಂತಲ್ಲ. ಅದರ ಹಿಂದೆ ಮುಂದೆ ಯಾರಿದ್ದಾರೆ ಎಂದು ನೋಡು ಎಂದೆ.

ನೂನಿಜ್ ಕೊಡುವ ರಾಯನ ಸೈನ್ಯದ ಲೆಕ್ಕ ಕೂಡಿಸಿದರೆ ಸುಮಾರು 7 ಲಕ್ಷ ಕಾಲಾಳು, 32 ಸಾವಿರಕ್ಕೂ ಹೆಚ್ಚು ಕುದುರೆ, 551 ಆನೆ ಆಗುತ್ತದೆ. ಕಾಲಾಳಿನ ಸಂಖ್ಯೆ ಉಬ್ಬಿರಬಹುದು. ಆದರೂ ಒಂದು ಕುದುರೆಗೆ ಇಪ್ಪತ್ತು ಕಾಲಾಳು ಎಂಬ ಪ್ರಮಾಣ ನೋಡಿ. ಒಳ್ಳೆಯ ಕುದುರೆ ಅರಬ್, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ಸತ್ತ ಕುದುರೆಯ ಜಾಗ ತುಂಬಲು ಸಮುದ್ರ ದಾಟಿ ದುಡ್ಡು ಕಳಿಸಬೇಕು. ಕಾಲಾಳು ಊರಲ್ಲೇ ಸಿಗುತ್ತಾನೆ.

ಆ ಬರಹದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆನೆ, ಕುದುರೆ ಅಲ್ಲ, ನೀರು ಹೊರುವವರು. ಪಖಾಲಿ ಹೊತ್ತ 12 ಸಾವಿರ ಜನ ದಾರಿಯುದ್ದಕ್ಕೂ ನಿಂತು ಸೈನಿಕರಿಗೆ ನೀರು ಕೊಡುತ್ತಿದ್ದರಂತೆ. ಕಾದಾಟ ನಡೆದದ್ದು ಮೇ ತಿಂಗಳು. ರಾಯಚೂರಿನ ಮೇ ಬಿಸಿಲು ಗೊತ್ತಿದ್ದವರಿಗೆ ಬೇರೆ ಹೇಳಬೇಕಿಲ್ಲ.

ಕೋಟೆ ಮುತ್ತಿಗೆಯಲ್ಲಿ ಇನ್ನೊಂದು ಸಣ್ಣ ತುಕಡಿ ಇತ್ತು. ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರು. ಬೆರಳೆಣಿಕೆಯ ಜನ. ಗೋಡೆ ಮೇಲೆ ತಲೆ ತೋರಿಸಿದವರನ್ನು ಅವರು ಹೊಡೆಯುತ್ತಿದ್ದರೆ, ಕೆಳಗೆ ರಾಯನ ಜನ ಕಲ್ಲು ಕೀಳುತ್ತಿದ್ದರು. ಆಟದಲ್ಲಿ ಇಂಥವರಿಗೆ ಸಪೋರ್ಟ್ ಕಂಪನಿ ಎಂದು ಹೆಸರು. ಒಂದು ಡಿವಿಷನ್‌ಗೆ ಐದರವರೆಗೆ ಸೇರಿಸಬಹುದು, ರಣರಂಗದಲ್ಲಿ ಒಂದಿಷ್ಟೂ ಅಗಲ ಕೇಳುವುದಿಲ್ಲ. ಕಂದಕ ತೋಡುವ ಎಂಜಿನಿಯರ್‌ಗಳನ್ನು ನಾನು ಎಲ್ಲ ಡಿವಿಷನ್‌ಗೂ ಹಾಕುತ್ತೇನೆ. ಪೂರೈಕೆಯ ಖರ್ಚು ಇಳಿಸುವ ಲಾಜಿಸ್ಟಿಕ್ಸ್ ಕಂಪನಿ ಟ್ಯಾಂಕ್ ಇರುವಲ್ಲಿ ಬೇಕೇ ಬೇಕು. ಹೊಸಬರು ಇವನ್ನು ಖಾಲಿ ಬಿಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಾನೂ ಈ ವಿಷಯದಲ್ಲಿ ಎಡವಿದ್ದೇನೆ. ಹಿಂದೆ ಕೆಲಸ ಮಾಡಿದ ಒಂದು ಆಟದಲ್ಲಿ, ಪರೀಕ್ಷೆಗೆ ಕೂತವರೆಲ್ಲ ಕುದುರೆ ಬಿಲ್ಲಾಳುಗಳನ್ನೇ ಆರಿಸುತ್ತಿದ್ದರು. ಹೊಡೆತ ಜಾಸ್ತಿ ಆಗಿದೆ ಎಂದು ಅದನ್ನು ಇಳಿಸಿದೆ. ಆಯ್ಕೆ ಬದಲಾಗಲಿಲ್ಲ. ಮತ್ತೆ ಇಳಿಸಿದೆ. ಊಹುಂ. ಎರಡು ವಾರ ಹೋದ ಮೇಲೆ ಕಣ್ಣಿಗೆ ಬಿತ್ತು: ಆ ಪಡೆಗೆ ದಂಡಯಾತ್ರೆಯಲ್ಲಿ ದವಸದ ಖರ್ಚೇ ನಾನು ಬರೆದಿರಲಿಲ್ಲ. ಊಟ ಕೇಳದ ಸೈನ್ಯವನ್ನು ಯಾರು ಬಿಡುತ್ತಾರೆ? ಖರ್ಚು ಸೇರಿಸಿದೆ, ಮರುದಿನವೇ ಆಟಗಾರರು ಈಟಿಯವರನ್ನೂ ಆರಿಸತೊಡಗಿದರು.

ಅದಕ್ಕೇ ಈಗ ಪಡೆಗಳ ಪಟ್ಟಿ ತೆರೆಯುವ ಮೊದಲು ಕಾರ್ಖಾನೆ, ಎಣ್ಣೆ, ರೈಲು ನೋಡಿ ಎನ್ನುತ್ತೇನೆ. ಹುಡುಗನ ಅಪ್ಪ ಗಂಗಾವತಿಯಲ್ಲಿ ಭತ್ತ ಬೆಳೆಯುತ್ತಾರೆ. ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡುತ್ತಾರೋ ಇಲ್ಲವೋ ತಿಳಿಯುವವರೆಗೆ ಬೀಜಕ್ಕೆ ಕೈ ಹಾಕುವುದಿಲ್ಲ. ಅದನ್ನು ನೆನಪಿಸಿದ ಕೂಡಲೇ ಹುಡುಗನಿಗೆ ಹೊಳೆಯಿತು. ಪೋಲೆಂಡ್‌ನಂಥ ದೇಶಕ್ಕೆ ಮೊದಲು ಬಂದೂಕು, ಆಮೇಲೆ ಎಂಜಿನಿಯರ್, ಆಮೇಲೆ ಫಿರಂಗಿ. ಟ್ಯಾಂಕ್ ಒಂದೋ ಎರಡೋ ಡಿವಿಷನ್ ಸಾಕು, ಅದೂ ಬಿರುಕು ಬಿದ್ದ ಕಡೆಗೆ ಓಡಿಸಲು. ದಾಸ್ತಾನಿನಲ್ಲಿ ಬಂದೂಕಿನ ಲೆಕ್ಕ ಕೆಂಪಾಗಿ ಮೈನಸ್ ತೋರಿಸುತ್ತಿದ್ದರೆ ಹೊಸ ಡಿವಿಷನ್ ಕಟ್ಟಬೇಡಿ. ಇರುವುದನ್ನು ತುಂಬಿಸಿ. ಅರ್ಧ ತುಂಬಿದ ನಲವತ್ತಕ್ಕಿಂತ ಪೂರ್ತಿ ತುಂಬಿದ ಇಪ್ಪತ್ತು ಮೇಲು.

ಊರಿಗೆ ಹೋದ ವಾರಕ್ಕೆ ಅವನ ಫೋನ್ ಬಂತು. ಹೊಸದಾಗಿ ಶುರು ಮಾಡಿದ್ದನಂತೆ, ಆರು ಟ್ಯಾಂಕ್, ನಾಲ್ಕು ಲಾರಿ ಕಾಲಾಳು. "ಈ ಸಲ ಗಡಿ ಬಿಟ್ಟಿಲ್ಲ ಮಾಮಾ. ಆದ್ರ ಲಾರಿ ಮಾಡಾಕ ರಬ್ಬರ್ ಸಾಲವಲ್ದು. ರಬ್ಬರ್ ಎಲ್ಲಿ ಸಿಗ್ತೈತಿ?"

ನಕಾಶೆಯಲ್ಲಿ ಮಲಯ ಹುಡುಕು ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. "ಅಯ್ಯೋ, ಸಮುದ್ರದ ಆ ಕಡೆಗೈತಿ!"