ಖಂಡುಗದ ಲೆಕ್ಕ ಕೇಳುತ್ತ ಬಂದ ವೈದ್ಯ

ಹಳೇ ಮೈಸೂರು ಸೀಮೆಯ ಹಿರಿಯರು ಹೊಲವನ್ನು ಎಕರೆಯಲ್ಲಿ ಹೇಳುತ್ತಿರಲಿಲ್ಲ. ಕಾಳು ಅಳೆಯುವ ಮಾಪುಗಳಾದ ಕೊಳಗ, ಖಂಡುಗದಲ್ಲಿ ಇಷ್ಟು ಕೊಳಗ ಬಿತ್ತನೆ, ಇಷ್ಟು ಖಂಡುಗ ಬಿತ್ತನೆ ಎನ್ನುತ್ತಿದ್ದರು. ಎಷ್ಟು ಬೀಜ ಹಿಡಿಯುತ್ತದೋ ಅಷ್ಟು ಹೊಲ. ಗದ್ದೆಯ ಖಂಡುಗ ಚಿಕ್ಕದು, ಮಳೆ ನಂಬಿದ ಬೆದ್ದಲಿನದು ದೊಡ್ಡದು. ಊರು ದಾಟಿದರೆ ಕೊಳಗವೇ ಬೇರೆ. ರೈತನಿಗೆ ಇದರಿಂದ ತೊಂದರೆಯೇನೂ ಇರಲಿಲ್ಲ. ತಲೆಕೆಟ್ಟದ್ದು 1800ರಲ್ಲಿ ಲೆಕ್ಕ ಕೇಳುತ್ತ ಬಂದ ಫ್ರಾನ್ಸಿಸ್ ಬುಕಾನನ್‌ಗೆ.

ಅವನು ಸ್ಕಾಟ್ಲೆಂಡಿನವನು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ಗಿಡಮರಗಳೆಂದರೆ ಪ್ರಾಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಕರಾವಳಿಯ ಕೆನರಾ ಸೀಮೆ ಕಂಪನಿಯ ಪಾಲಾಯಿತು. ಮೈಸೂರು ಒಡೆಯರಿಗೆ ಮರಳಿತು, ಹಿಡಿತ ಮಾತ್ರ ಕಂಪನಿಯದೇ. ಗೆದ್ದ ನಾಡಿನಲ್ಲಿ ಏನು ಬೆಳೆಯುತ್ತದೆ, ಮೆಣಸು, ಗಂಧ, ಹತ್ತಿ ಎಷ್ಟು ಸಿಗುತ್ತದೆ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ತಿಳಿಯಬೇಕಿತ್ತು. ಜ್ಞಾನದ ಆಸೆ ಇತ್ತು ನಿಜ, ಆದರೆ ಮೊದಲಿದ್ದದ್ದು ಕಂದಾಯ ಮತ್ತು ವ್ಯಾಪಾರ.

ಅದೇ ಹೊತ್ತಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಿಡಿದು ನೆಲ ಅಳೆಯುತ್ತಿದ್ದ. ಕಂಪನಿಯ ಸರ್ವೇಯರ್ ಕಾಲಿನ್ ಮೆಕೆಂಜಿ ಮೈಸೂರಿನ ನಕ್ಷೆ ಬರೆಸುತ್ತಿದ್ದ. ಬುಕಾನನ್ನನ ಕೆಲಸ ಜನರನ್ನು ಕೇಳುವುದು. 1800ರ ಏಪ್ರಿಲ್‌ನಲ್ಲಿ ಮದ್ರಾಸು ಬಿಟ್ಟವನು ಬೆಂಗಳೂರು, ಶ್ರೀರಂಗಪಟ್ಟಣ, ಶಿರಾ, ಮಲಬಾರ್, ಮಂಗಳೂರು, ಶಿರಸಿ, ನಗರ (ಹಳೆಯ ಬಿದನೂರು), ಚಿತ್ರದುರ್ಗ ಎಲ್ಲ ಸುತ್ತಿ ಮುಗಿಸುವಷ್ಟರಲ್ಲಿ ವರ್ಷಕ್ಕೂ ಜಾಸ್ತಿ ಆಗಿತ್ತು.

ಅವನ ಬರಹದಲ್ಲಿ ನನಗೆ ತುಂಬ ಇಷ್ಟವಾಗುವುದು ರಾಗಿ ಹೊಲ. ಎಷ್ಟು ಸಲ ಉಳಬೇಕು, ಗೊಬ್ಬರ ಯಾವಾಗ, ಕೂರಿಗೆಯಲ್ಲಿ ಬೀಜ ಹೇಗೆ ಇಳಿಯುತ್ತದೆ, ಕುಂಟೆ ಯಾವಾಗ ಹೊಡೆಯಬೇಕು, ನಡುವಿನ ಸಾಲಿಗೆ ಅವರೆಯೋ ತೊಗರಿಯೋ... ಒಂದನ್ನೂ ಬಿಡದೆ ಬರೆದಿದ್ದಾನೆ. ಹಾಗೆಯೇ ಕಬ್ಬಿಣ ಕರಗಿಸುವ ಕುಲುಮೆ, ಬಣ್ಣ ಹಾಕುವವರ ಹದ, ನೇಕಾರರ ಕೂಲಿ, ಮದುವೆ ಕಟ್ಟಳೆ, ಮಲೆನಾಡಿನ ಅಡಿಕೆ ತೋಟಕ್ಕೆ ಹಾಕುವ ಸೊಪ್ಪು. ಜಾತಿಗಳ ಬಗ್ಗೆ ಬರೆಯುವಾಗ ಎಷ್ಟೋ ಕಡೆ ಅವನ ತೀರ್ಪು ಒರಟು. ಆಚರಣೆಯನ್ನು ಮೂಢತನ ಎಂದು ತಳ್ಳುತ್ತಾನೆ. ಓದುವಾಗ ನೋವಾಗುತ್ತದೆ.

ಅಂಕಿಗಳನ್ನಂತೂ ಹುಷಾರಾಗಿ ಓದಬೇಕು. ಕನ್ನಡ ಬಾರದವನು, ದುಭಾಷಿಯ ಮಾತೇ ಗತಿ. ಕಂಪನಿಯ ಮನುಷ್ಯ ಬಂದು "ಖಂಡುಗಕ್ಕೆ ಎಷ್ಟು ಬೆಳೆಯುತ್ತೀರಿ" ಅಂದರೆ ಯಾವ ರೈತ ಪೂರ್ತಿ ಹೇಳುತ್ತಾನೆ? ಹೇಳಿದ್ದೆಲ್ಲ ನಾಳೆ ಕಂದಾಯವಾಗಿ ಬರಬಹುದು ಅಲ್ವಾ?

ವರದಿ 1807ರಲ್ಲಿ ಲಂಡನ್‌ನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು, ಕಂಪನಿಯ ನಿರ್ದೇಶಕರ ಆಶ್ರಯದಲ್ಲೇ. ಆ ಕಾಲದ ಬೇಸಾಯ, ಕಸುಬು ತಿಳಿಯಲು ಇತಿಹಾಸಕಾರರು ಇಂದಿಗೂ ಅದನ್ನು ತೆರೆಯುತ್ತಾರೆ. ಅದರಲ್ಲಿ ಶಾನುಭೋಗರ, ಮಠದ ಗುರುಗಳ ಹೆಸರು ಅಲ್ಲಲ್ಲಿ ಸಿಗುತ್ತದೆ. ಕೂರಿಗೆ ಹಿಡಿದು ರಾಗಿ ಬಿತ್ತಿ ತೋರಿಸಿದವರ ಹೆಸರು ಸಿಗುವುದು ಅಪರೂಪ.