ಸೀರೆ ತೂತಾದರೆ ಮೊದಲು ಅಟ್ಟ ಹತ್ತಿ ನೋಡಿ

ಮಳೆಗಾಲ ಶುರುವಾದರೆ ಸಾಕು, ಜಿರಳೆ, ಗೆದ್ದಲಿನ ದೂರಿನ ಜೊತೆಗೆ ನನಗೆ ಇನ್ನೊಂದು ಫೋನ್ ಬರುತ್ತದೆ. "ಬೀರು ತೆಗೆದರೆ ಸಣ್ಣ ಚಿಟ್ಟೆ ಹಾರುತ್ತೆ ಸರ್, ಬಂದು ಒಂದು ಸಲ ಸ್ಪ್ರೇ ಹೊಡೆದು ಹೋಗಿ." ಬೆಂಗಳೂರಿನಲ್ಲಿ 18 ವರ್ಷದಿಂದ ಮನೆ ಕೀಟಗಳ ಕೆಲಸ ಮಾಡುತ್ತಿದ್ದೇನೆ. ಇಂಥ ಫೋನ್ ಬಂದಾಗಲೆಲ್ಲ ನಾನು ಕೇಳೋದು ಒಂದೇ ಪ್ರಶ್ನೆ: ಮನೆಯಲ್ಲಿ ಉಣ್ಣೆಯದ್ದು ಏನೇನಿದೆ?

ಯಾಕೆಂದರೆ ಬಟ್ಟೆ ನುಸಿ ಅನ್ನೋ ಈ ಪತಂಗ, ಅಂದರೆ ಹಾರುವ ಚಿಟ್ಟೆ, ಬಟ್ಟೆ ತಿನ್ನೋದಿಲ್ಲ. ಅದಕ್ಕೆ ತಿನ್ನುವ ಬಾಯೇ ಇಲ್ಲ. ಕೆಲವು ದಿನ ಬದುಕಿ, ಹತ್ತಾರು ಮೊಟ್ಟೆ ಇಟ್ಟು ಸಾಯುತ್ತದೆ ಅಷ್ಟೇ. ತಿನ್ನೋದು ಮೊಟ್ಟೆಯಿಂದ ಬರುವ ಹುಳ. ಅದು ಇರೋದು ಕತ್ತಲಲ್ಲಿ, ಮಡಿಕೆಯ ಒಳಗೆ, ಯಾರೂ ತಿಂಗಳುಗಟ್ಟಲೆ ಮುಟ್ಟದ ಜಾಗದಲ್ಲಿ. ರಾತ್ರಿ ಟ್ಯೂಬ್‌ಲೈಟ್ ಸುತ್ತ ಹಾರೋದು ಹೊರಗಿನಿಂದ ಬಂದ ಬೇರೆ ಪತಂಗ, ಅದಕ್ಕೂ ನಿಮ್ಮ ಸೀರೆಗೂ ಸಂಬಂಧ ಇಲ್ಲ.

ಕಳೆದ ಆಷಾಢದಲ್ಲಿ ಮಲ್ಲೇಶ್ವರದ ಒಂದು ಹಳೇ ಮನೆಗೆ ಹೋಗಿದ್ದೆ. ಮನೆಯ ಅಜ್ಜಿ ಹಸಿರು ಮೈಸೂರು ಸಿಲ್ಕ್ ಸೀರೆ ಹರಡಿ ತೋರಿಸಿದರು. ಸೆರಗಿನ ಮಡಿಕೆಯುದ್ದಕ್ಕೂ ಸಾಸಿವೆ ಕಾಳಿನಷ್ಟು ತೂತುಗಳು. "ಎರಡು ಸಲ ಔಷಧಿ ಹೊಡೆಸಿದೆ ಕಣಪ್ಪಾ, ಮತ್ತೆ ಬರ್ತಾನೇ ಇದೆ" ಅಂದರು. ಬೀರುವಿನ ಮೂಲೆಗೆ ಟಾರ್ಚ್ ಬಿಟ್ಟು ನೋಡಿದರೆ ಅಕ್ಕಿ ಕಾಳಿನಷ್ಟು ಉದ್ದದ ಒಂದು ಗೂಡು, ಒಳಗೆ ಜೀವಂತ ಹುಳ. ಗೂಡಿನ ಬಣ್ಣ ಕಪ್ಪು. ಈ ಹುಳ ತಾನು ತಿಂದ ಬಟ್ಟೆಯ ನೂಲಿನಿಂದಲೇ ಗೂಡು ಹೆಣೆದುಕೊಂಡು ಅದನ್ನು ಹೊತ್ತುಕೊಂಡೇ ಓಡಾಡುತ್ತದೆ. ಆದರೆ ಆ ಬೀರುವಿನಲ್ಲಿ ಒಂದೇ ಒಂದು ಕಪ್ಪು ಬಟ್ಟೆ ಇರಲಿಲ್ಲ. "ಅಜ್ಜಿ, ಮನೆಯಲ್ಲಿ ಕರಿ ಕಂಬಳಿ ಇದೆಯಾ?" ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ಬೀರುವಿನ ಮೇಲಿದ್ದ ಅಟ್ಟದ ಕಡೆ ಕೈ ತೋರಿಸಿದರು. ಅವರ ಮಾವನವರ ಕಾಲದ ಕುರಿ ಉಣ್ಣೆ ಕಂಬಳಿ, ಗೋಣಿಚೀಲದಲ್ಲಿ. ಬಿಚ್ಚಿದರೆ ಕೈಯಲ್ಲೇ ಪುಡಿಪುಡಿ. ಒಳಗೆಲ್ಲ ಗೂಡು, ಕಪ್ಪು ರವೆಯಂಥ ಹಿಕ್ಕೆ. ಎರಡು ಸಲವೂ ಸ್ಪ್ರೇ ಬಿದ್ದದ್ದು ಬೀರುವಿಗೆ ಮಾತ್ರ, ಅಟ್ಟ ಯಾರೂ ಹತ್ತಿರಲಿಲ್ಲ.

ಹುಳಕ್ಕೆ ಬೇಕಾದದ್ದು ಪ್ರಾಣಿಯಿಂದ ಬಂದ ನಾರು: ಉಣ್ಣೆ, ಕೂದಲು, ಗರಿ, ರೇಷ್ಮೆ. ಬರೀ ಹತ್ತಿ ಬಟ್ಟೆ ಅದಕ್ಕೆ ಜೀರ್ಣವಾಗೋದಿಲ್ಲ. ಬೆವರು, ಊಟದ ಕಲೆ ಇದ್ದರೆ ಮಾತ್ರ ಅದನ್ನೂ ಕಚ್ಚುತ್ತದೆ. ಹಾಗಾಗಿ ಮದುವೆಗೆ ಉಟ್ಟ ಸೀರೆಯನ್ನು ಹಾಗೇ ಮಡಿಸಿ ಒಳಗಿಡಬೇಡಿ, ದಯವಿಟ್ಟು. ಅಪಾರ್ಟ್‌ಮೆಂಟ್‌ನವರಿಗೆ ಇನ್ನೊಂದು ಮಾತು. ಡಕ್ಟ್‌ನಲ್ಲೋ ಎಸಿ ಹಿಂದೆಯೋ ಪಾರಿವಾಳ ಬಿಟ್ಟುಹೋದ ಗೂಡಿದ್ದರೆ ಅದನ್ನು ತೆಗೆಸಿ. ಆ ಗರಿಗಳಲ್ಲೇ ಬಟ್ಟೆ ನುಸಿ ಸುಖವಾಗಿ ಬೆಳೆಯುತ್ತದೆ, ಅಲ್ಲಿಂದ ಕಿಟಕಿ ದಾಟಿ ಒಳಗೆ ಬರುತ್ತದೆ.

ಮೂಲ ಸಿಕ್ಕ ಮೇಲೆ ಕೆಲಸ ಕಷ್ಟವಲ್ಲ, ತಾಳ್ಮೆ ಬೇಕು. ಬೀರು ಪೂರ್ತಿ ಖಾಲಿ ಮಾಡಿ, ಬಿರುಕು, ಮೂಲೆ, ಡ್ರಾಯರ್ ಹಿಂದೆ ವ್ಯಾಕ್ಯೂಮ್ ಹಿಡಿಯಿರಿ, ಆ ಕಸವನ್ನು ಆಗಲೇ ಕವರ್‌ನಲ್ಲಿ ಕಟ್ಟಿ ಹೊರಗೆ ಹಾಕಿ. ಕಂಬಳಿ, ಶಾಲುಗಳನ್ನು ಸುಡು ಬಿಸಿಲಲ್ಲಿ ಹರಡಿ ಚೆನ್ನಾಗಿ ಒದರಿ, ಬ್ರಷ್ ಹಾಕಿ. ಬೆಳಕು ಕಂಡರೆ ಹುಳ ಬಿಟ್ಟು ಓಡುತ್ತದೆ. ರೇಷ್ಮೆಯನ್ನು ಮಾತ್ರ ನೆರಳಲ್ಲೇ ಹರಡಿ, ಬಿಸಿಲಿಗೆ ಬಣ್ಣ ಹೋಗುತ್ತದೆ. ಡ್ರೈಕ್ಲೀನ್ ಮಾಡಿಸಿದರೆ ಮೊಟ್ಟೆಯೂ ಸಾಯುತ್ತದೆ. ಚಿಕ್ಕ ಸ್ವೆಟರ್, ಟೋಪಿಗಳಾದರೆ ಕವರ್‌ನಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿ ಇರುವ ಫ್ರೀಜರ್‌ನಲ್ಲಿ ಒಂದು ವಾರ ಇಡಿ. ಹೊರಗೆ ತೆಗೆದ ಮೇಲೆ ತಣುಪು ಆರುವ ತನಕ ಕವರ್ ಬಿಚ್ಚಬೇಡಿ, ಬಟ್ಟೆಗೆ ನೀರು ಹಿಡಿಯುತ್ತದೆ.

ನುಸಿ ಗುಳಿಗೆ (ನ್ಯಾಫ್ತಲೀನ್) ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಗಟ್ಟಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ಹೊಗೆ ತುಂಬಿದರೆ ಕೆಲಸ ಮಾಡುತ್ತದೆ, ನಿಜ. ದಿನಕ್ಕೆ ನಾಲ್ಕು ಸಲ ತೆಗೆಯುವ ಬೀರುವಿನಲ್ಲಿ ಸುಮ್ನೆ ನಾಲ್ಕು ಗುಳಿಗೆ ಎಸೆದರೆ ವಾಸನೆ ನಿಮಗೆ, ಊಟ ಹುಳಕ್ಕೆ. ಹಸುಗೂಸಿನ ಬಟ್ಟೆ, ಹಾಸಿಗೆ ನಡುವೆ ಖಂಡಿತ ಇಡಬೇಡಿ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಿಗೆ ಆ ಹೊಗೆಯಿಂದ ಆ ಕಣಗಳೇ ಒಡೆಯಬಹುದು. ಕೊರತೆ ಇದೆಯೋ ಇಲ್ಲವೋ ಅಂತ ಮಗುವನ್ನು ನೋಡಿದರೆ ಗೊತ್ತಾಗೋದಿಲ್ಲ. ಒಣಗಿದ ಬೇವಿನ ಸೊಪ್ಪು, ಬಜೆ ಬೇರು ಇಡೋದು ಒಳ್ಳೆಯದೇ, ಆದರೆ ಅವು ಹೊಸ ಚಿಟ್ಟೆಯನ್ನು ದೂರ ಇಡಬಹುದು ಅಷ್ಟೇ, ಒಳಗಿರುವ ಹುಳವನ್ನು ಕೊಲ್ಲೋದಿಲ್ಲ.

ಇನ್ನು ಗೋಡೆ ಮೇಲೆ ಸೌತೆ ಬೀಜದ ಹಾಗೆ ನೇತಾಡುವ ಬೂದು ಗೂಡು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕಾಣುತ್ತದೆ, ಅಲ್ವಾ? ಅದೂ ಪತಂಗದ ಹುಳವೇ. ಗೂಡು ಎರಡೂ ಕಡೆ ತೆರೆದಿರುತ್ತದೆ, ಹುಳ ಒಳಗೇ ತಿರುಗಿಕೊಂಡು ಯಾವ ಕಡೆಯಿಂದ ಬೇಕಾದರೂ ತಲೆ ಹೊರಹಾಕುತ್ತದೆ. ತಿನ್ನೋದು ಹಳೇ ಜೇಡರ ಬಲೆ, ಉದುರಿದ ಕೂದಲು, ಸತ್ತ ಹುಳ. ಥಂಡಿ ಗೋಡೆ ಇದ್ದರೆ ಜಾಸ್ತಿ. ಒಂದೊಂದೇ ಕಿತ್ತು ಸೋಪು ನೀರಿಗೆ ಹಾಕಿ, ವಾರಕ್ಕೊಮ್ಮೆ ಬಲೆ ಹೊಡೆಯಿರಿ, ಮಂಚದ ಹಿಂದೆ ಗುಡಿಸಿ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹಾಕಿ. ಇದಕ್ಕೆ ನನ್ನಂಥವರನ್ನು ಕರೆಸಿ ದುಡ್ಡು ಕೊಡುವ ಅಗತ್ಯವೇ ಇಲ್ಲ.

ಅಡುಗೆಮನೆಯ ಚಿಟ್ಟೆ ಬೇರೆ ಜಾತಿ. ರವೆ, ಹಿಟ್ಟು, ಪರಿಷೆಯಿಂದ ತಂದು ಮರೆತ ಕಡಲೆಕಾಯಿ, ಇವುಗಳಲ್ಲಿ ನೂಲು ಕಟ್ಟಿಕೊಂಡು ಗಂಟುಗಂಟಾಗಿದ್ದರೆ ಅದೇ. ಇದರಲ್ಲೊಂದು ಅಕ್ಕಿ ಪತಂಗ. ಹೆಬ್ಬಾಳದ ಕೀಟ ಸಂಶೋಧನಾ ಸಂಸ್ಥೆಯಲ್ಲಿ ಇದನ್ನು ಬೇಕಂತಲೇ ಸಾಕುತ್ತಾರೆ. ಬೆಳೆಯ ಹುಳಗಳನ್ನು ಹತೋಟಿಗೆ ತರುವ ಪುಟ್ಟ ಕಣಜಗಳನ್ನು ಇದರ ಮೊಟ್ಟೆಯಲ್ಲಿ ಬೆಳೆಸೋದಕ್ಕೆ. ನಿಮ್ಮ ಮನೆಯಲ್ಲಿ ಕಂಡರೆ ಆ ಡಬ್ಬದ್ದೆಲ್ಲ ಹೊರಗೆ ಹಾಕಿ, ಶೆಲ್ಫಿಗೆ ಯಾವ ಔಷಧಿಯೂ ಬೇಡ. ರವೆ ತಂದ ದಿನವೇ ಹುರಿದು, ಆರಿಸಿ, ಬಿಗಿ ಡಬ್ಬಕ್ಕೆ ತುಂಬಿ. ನಮ್ಮಮ್ಮ ಮಾಡುತ್ತಿದ್ದದ್ದೂ ಇದೇ, ಬಿಸಿಗೆ ಮೊಟ್ಟೆ ಉಳಿಯೋದಿಲ್ಲ. ಡಬ್ಬ ತೊಳೆದರೂ ಚಿಟ್ಟೆ ಬರುತ್ತಿದ್ದರೆ ತಲೆ ಎತ್ತಿ ನೋಡಿ. ಬಲಿತ ಹುಳ ಹಿಟ್ಟು ಬಿಟ್ಟು ಗೋಡೆ ಹತ್ತಿ, ಸೂರಿನ ಮೂಲೆಯಲ್ಲೋ ಮುಚ್ಚಳದ ಸುರುಳಿಯೊಳಗೋ ಬಿಳಿ ಗೂಡು ಕಟ್ಟಿ ಕೂತಿರುತ್ತದೆ.